ಬಾಯಿ ಮುಚ್ಚಿದ್ದರೆ ಮಾತ್ರ ಒಲೆಗೆ

ರಜೆ ಬಂತೆಂದರೆ ಸಾಕು, ನಮ್ಮ ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಎಷ್ಟು ಗಾಡಿಗಳು ಅರಬೈಲ್ ಘಟ್ಟ ಇಳಿಯುತ್ತವೋ ಲೆಕ್ಕ ಇಟ್ಟವರಿಲ್ಲ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಮುರ್ಡೇಶ್ವರದಲ್ಲಿ ಫೋಟೋ, ಮಕ್ಕಳಿಗೆ ಸಮುದ್ರದ ನೀರಿನಾಟ. ಅದೆಲ್ಲ ಮುಗಿದ ಮೇಲೆ, ಮೀನು ತಿನ್ನುವ ಮನೆಯವರಾದರೆ, ವಾಪಸ್ ಬರುವಾಗ ಡಿಕ್ಕಿಯಲ್ಲಿ ಒಂದು ಥರ್ಮಾಕೋಲ್ ಡಬ್ಬಿ ಇದ್ದೇ ಇರುತ್ತದೆ. ಬಂಗಡೆ, ಇಸವಾಣ, ಸಿಗಡಿ. ಈಗೀಗ ಅದರ ಜೊತೆ ಇನ್ನೊಂದು ಸೇರಿಕೊಂಡಿದೆ ನೋಡ್ರಿ: ಕಲ್ಲಿನ ಚೂರಿನಂತೆ ಕಾಣುವ, ಕೈಗೆ ತರಚುವ ಚಿಪ್ಪಿನ ಚೀಲ. ಆಯ್ಸ್ಟರ್.

ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ. ದೊಡ್ಡ ಹೋಟೆಲ್ಲಿನಲ್ಲಿ ಬರ್ಫದ ತಟ್ಟೆ, ಅದರ ಮೇಲೆ ಅರ್ಧ ತೆರೆದ ಚಿಪ್ಪುಗಳು, ಯಾರೋ ಒಬ್ಬರು ಲಿಂಬೆಹಣ್ಣು ಹಿಂಡಿ ಹಸಿಯಾಗಿಯೇ ಸುರ್ ಅಂತ ಎಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಮೊನ್ನೆ ಬೆಟಗೇರಿಯ ಒಬ್ಬ ಗೆಳತಿ ಫೋನ್ ಮಾಡಿ ಕೇಳಿದಳು, "ಅಕ್ಕಾ, ನಾಳೆ ಕುಮಟಾಕ್ಕ ಹೊಂಟೀವಿ. ಇವರು ಅದನ್ನ ತರೂಣು ಅನ್ನಾಕತ್ತಾರ. ಮನಿಯೊಳಗ ಹೆಂಗ ಒಡೀಬೇಕು ಅದನ್ನ?"

ಒಡೆಯುವುದು ದೊಡ್ಡ ಮಾತಲ್ಲ, ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಚೆಲ್ಲುವುದನ್ನು ಕಲಿಯಬೇಕು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂಬತ್ತು ವರ್ಷದ ಹುಡುಗನೊಬ್ಬನನ್ನು ಆಸ್ಪತ್ರೆಗೆ ಸೇರಿಸಿ.

ನನ್ನ ತವರೂ ಅತ್ತೆಮನೆಯೂ ಗದಗೇ. ಆದರೆ ಯಜಮಾನರ ನೌಕರಿಯಿಂದಾಗಿ ನಾಲ್ಕು ವರ್ಷ ಕುಮಟಾದಲ್ಲಿದ್ದೆವು. ಅಲ್ಲಿ ಪಕ್ಕದ ಮನೆಯ ಅಕ್ಕನೇ ನನಗೆ ಸಮುದ್ರದ ಅಡುಗೆಯ ಗುರು. ಮೊದಲು ನನಗೆ ಎಲ್ಲ ಚಿಪ್ಪೂ ಒಂದೇ. ಅವರು ಒಂದೊಂದನ್ನೂ ಬೇರೆ ಮಾಡಿ ತೋರಿಸಿದರು. ನುಣ್ಣಗೆ, ದುಂಡಗೆ, ಕೆಸರಿನಲ್ಲಿ ಹುದುಗಿರುವುದು ಬಳಚು, ಮಂಗಳೂರಿನವರ ಮರುವಾಯಿ. ಉದ್ದಗೆ, ಹಸಿರು-ನೀಲಿಯಾಗಿ ಬಂಡೆಗೆ ನಾರಿನಿಂದ ಜೋತಿರುವುದು ನೀಲಿಕಲ್ಲು, ತುಳುವರ ಪಚ್ಚಿಲೆ. ಇನ್ನು ಒರಟಾಗಿ, ಒಂದು ಮಗ್ಗುಲು ಬಂಡೆಗೋ ಕಾಂಡ್ಲಾ ಗಿಡದ ಬೇರಿಗೋ ಸಿಮೆಂಟು ಹಾಕಿದಂತೆ ಅಂಟಿರುವುದು ಈ ಆಯ್ಸ್ಟರ್. ಕೊಂಕಣಿಯವರು ಕಾಲ್ವ ಅಂತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ, ಬಾಯಿಗೆ ಹಗುರ.

"ಇದರಾಗ ಮುತ್ತು ಇರ್ತೈತೇನ್ರಿ?" ಅಂತ ಕೇಳದವರೇ ಇಲ್ಲ. ಇಲ್ಲ ತಂಗಿ. ಒಡವೆಯ ಮುತ್ತು ಕೊಡುವ ಚಿಪ್ಪು ಬೇರೆ ಕುಲದ್ದು. ತಿನ್ನುವ ಕಾಲ್ವದಲ್ಲಿ ಯಾವಾಗಲೋ ಒಮ್ಮೆ ಸುಣ್ಣದ ಕಾಳಿನಂಥದ್ದು ಸಿಕ್ಕರೂ ಅದಕ್ಕೆ ಹೊಳಪೂ ಇಲ್ಲ, ಬೆಲೆಯೂ ಇಲ್ಲ. ಹಲ್ಲಿಗೆ ಸಿಕ್ಕರೆ ಹಲ್ಲು ಹೋದೀತು, ಅಷ್ಟೇ ಲಾಭ.

ಈ ಪುಟ ಓದುವವರಲ್ಲಿ ಬಹಳ ಮಂದಿ ಕಾಯಿಪಲ್ಲೆಯವರು ಎಂಬುದು ನನಗೆ ಗೊತ್ತು. ಮೂಗು ಮುರಿದು ಪುಟ ತಿರುವುವ ಮೊದಲು ಒಂದು ಮಾತು. ಎಲೆ-ಅಡಿಕೆಗೆ ಹಚ್ಚುವ ಸುಣ್ಣವನ್ನು ಕರಾವಳಿಯಲ್ಲಿ ಇಂಥ ಚಿಪ್ಪುಗಳನ್ನೇ ಸುಟ್ಟು ಮಾಡುತ್ತಿದ್ದರು. ಹಾಗೆಯೇ ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೂ ಈ ಚಿಪ್ಪಿನ ಊರಿಗೂ ಒಂದು ನಂಟಿದೆ. 2024ರ ಜನವರಿ ಕೊನೆಗೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಕರ್ನಾಟಕದ ಮೂರು ಹೆಸರು ಒಟ್ಟಿಗೇ ಸೇರಿದವು. ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ನಮ್ಮ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮತ್ತು ಕುಮಟಾದ ಅಘನಾಶಿನಿ ಅಳಿವೆ. ಶಿರಸಿಯ ಕಡೆಯಿಂದ ಹರಿದು ಬರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು-ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ 4801 ಹೆಕ್ಟೇರ್ ಅಳಿವೆ ಅದು. ಬಳಚು, ಕಾಲ್ವ ಎಲ್ಲದಕ್ಕೂ ಅದೇ ತೊಟ್ಟಿಲು.

ಅಲ್ಲಿ ಚಿಪ್ಪು ಕೀಳುವವರನ್ನು ಒಮ್ಮೆ ನೋಡಬೇಕು ನೀವು. ಅಂಬಿಗರು, ಹರಿಕಂತ್ರರು ಮೊದಲಾದ ಸಮುದಾಯದವರು, ಅದರಲ್ಲಿ ಹೆಂಗಸರೂ ಬಹಳ. ನೀರು ಇಳಿಯುವ ಹೊತ್ತು ನೋಡಿಕೊಂಡು ಹೊರಡುತ್ತಾರೆ. ಅಮವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುವುದರಿಂದ ಆ ದಿನಗಳಲ್ಲಿ ಕೆಲಸ ಜೋರು. ಮೊಳಕಾಲ ಮಟ್ಟದ ಕೆಸರು, ಒಮ್ಮೊಮ್ಮೆ ಸೊಂಟದ ಮಟ್ಟದ ನೀರು, ತಲೆಯ ಮೇಲೆ ಬಿಸಿಲು. ಬಳಚು ಕೈಗೆ ಸಿಗುತ್ತದೆ, ಕಾಲ್ವವನ್ನು ಮಾತ್ರ ಕಬ್ಬಿಣದಿಂದ ಬಂಡೆಗೆ ಬಡಿದು ಎಬ್ಬಿಸಬೇಕು. ಅದರ ಅಂಚು ಬ್ಲೇಡಿನಂತೆ. ನಮ್ಮ ಅಕ್ಕನ ಅಂಗೈಯಲ್ಲಿ ಗೆರೆಗಳಿಗಿಂತ ಗಾಯದ ಗುರುತೇ ಹೆಚ್ಚು. ಮಾಲ್‌ನಲ್ಲಿ ಬೆಲೆ ನೋಡಿ ಬಾಯಿ ಮುಚ್ಚಿಕೊಂಡು ಕೊಡುವ ನಾವು ಆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವಲ್ಲ, ನನಗೆ ಈಗಲೂ ನಾಚಿಕೆಯಾಗುತ್ತದೆ. ನಾನೂ ಮಾಡಿದ್ದೇನೆ.

ಸರಿ, ಆ ಹುಡುಗನ ಕಥೆ. ಗದಗಿಗೆ ಮರಳಿ ಬಂದ ಮೇಲಿನ ವರ್ಷ. ಕುಮಟಾಕ್ಕೆ ಹೋದವರು ಬರುವಾಗ ಸುಮಾರು ಅರವತ್ತು ಕಾಲ್ವ ತಂದೆವು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕಾರು ಗಲೀಜಾಗಬಾರದೆಂದು ಬಾಯಿ ಬಿಗಿಯಾಗಿ ಕಟ್ಟಿ, ಡಿಕ್ಕಿಯಲ್ಲಿಟ್ಟೆ. ಯಲ್ಲಾಪುರದಲ್ಲಿ ಊಟ, ಹುಬ್ಬಳ್ಳಿಯಲ್ಲಿ ಸಂಬಂಧಿಕರ ಮನೆಯಲ್ಲಿ ಚಹಾ, ಮನೆ ಮುಟ್ಟಿದಾಗ ರಾತ್ರಿ. ಮರುದಿನ ನಾದಿನಿಯ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಚೀಲ ಬಿಚ್ಚಿದರೆ ಹದಿನೈದೋ ಹದಿನಾರೋ ಚಿಪ್ಪು ಬಾಯಿ ಬಿಟ್ಟಿದ್ದವು. ಮೂಸಿ ನೋಡಿದೆ, ಅಂಥಾ ವಾಸನೆ ಏನಿರಲಿಲ್ಲ. "ದುಡ್ಡು ಕೊಟ್ಟು ತಂದದ್ದು, ಅಷ್ಟು ದೂರದಿಂದ ಹೊತ್ತು ತಂದದ್ದು, ಚೆಲ್ಲೂದು ಹೆಂಗ?" ಅಂತ ಮನಸ್ಸು. ಚೆನ್ನಾಗಿ ತೊಳೆದೆ, ಚೆನ್ನಾಗಿ ಕುದಿಸಿದೆ, ಎಲ್ಲದರ ಜೊತೆ ಸೇರಿಸಿಬಿಟ್ಟೆ.

ರಾತ್ರಿ ಹನ್ನೊಂದಕ್ಕೆ ನಾದಿನಿಯ ಮಗನಿಗೆ ವಾಂತಿ ಶುರುವಾಯಿತು. ಬೆಳಗಿನ ಜಾವದ ಹೊತ್ತಿಗೆ ಹುಡುಗನ ಕಣ್ಣು ಒಳಗೆ ಹೋಗಿದ್ದವು, ಕೈಕಾಲು ತಣ್ಣಗೆ. ಮೂರು ದಿನ ಸಲೈನ್ ಹತ್ತಿತು. ನಾದಿನಿ ನನಗೆ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದಳು, ಟಿಫಿನ್ ಡಬ್ಬಿ ತಂದರೆ ಉಂಡಳು, "ನೀ ಹೋಗ್ ವೈನಿ, ಮನ್ಯಾಗ ಮಕ್ಕಳಿದಾವ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಕುಮಟಾಕ್ಕೆ ಫೋನ್ ಮಾಡಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, "ಬಾಯಿ ತೆಗ್ದದ್ದು ಇತ್ತೇ ತಂಗೀ?" ಹೌದೆಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಬಾಯಿ ತೆಗ್ದದ್ದು ಸತ್ತದ್ದು. ನಿಂಗೆ ಹೇಳಿದ್ನಲ್ಲೆ."

ಹೇಳಿದ್ದರು. ಆದರೆ ಅಲ್ಲಿ ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ಗಂಗಾಳಕ್ಕೆ ಬರುತ್ತಿತ್ತು. ಬಾಯಿ ಬಿಟ್ಟದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಗದಗಿಗೂ ಕಡಲಿಗೂ ನಡುವೆ ಐದಾರು ತಾಸಿನ ದಾರಿ, ಒಂದು ಘಟ್ಟ. ಅಲ್ಲಿನ ಅಡುಗೆಯನ್ನು ಇಲ್ಲಿಗೆ ತರುವಾಗ ಆ ದಾರಿಯ ಲೆಕ್ಕವನ್ನೂ ಇಡಬೇಕಿತ್ತು, ನಾನು ಇಡಲಿಲ್ಲ.

ಇದು ಯಾಕೆ ಹೀಗೆ ಎಂದು ತಿಳಿದರೆ ಚೆಲ್ಲಲು ಧೈರ್ಯ ಬರುತ್ತದೆ. ಕಾಲ್ವ ಒಂದೇ ಕಡೆ ಕೂತು, ನೀರನ್ನು ಒಳಗೆಳೆದು, ಸೋಸಿ, ಅದರಲ್ಲಿರುವ ಸಣ್ಣ ಪಾಚಿ ತಿಂದು ಬದುಕುವ ಜೀವಿ. ದಿನಕ್ಕೆ ಹತ್ತಾರು ಲೀಟರ್ ನೀರು ಸೋಸುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲ ಅದರ ಹೊಟ್ಟೆಗೂ ಹೋಗುತ್ತದೆ. ಊರಿನ ಗಟಾರದ ನೀರು ಸೇರುವ ಕಡೆ ಬೆಳೆದದ್ದಾದರೆ ಕಾಮಾಲೆ ತರುವ ಹೆಪಟೈಟಿಸ್ ಎ, ವಾಂತಿ-ಭೇದಿಯ ನೊರೊವೈರಸ್. ಬೆಚ್ಚಗಿನ ಉಪ್ಪುನೀರಿನಲ್ಲಿ ತಾನಾಗಿಯೇ ಇರುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಬೇರೆ, ಕಾಲರಾದ ಬಳಗದ್ದು. ಕಾಲ್ವ ಬದುಕಿರುವಷ್ಟು ಹೊತ್ತು ಬಾಯಿ ಬಿಗಿ ಹಿಡಿದಿರುತ್ತದೆ. ಸತ್ತಾಗ ಹಿಡಿತ ಸಡಿಲಾಗಿ ಚಿಪ್ಪು ತೆರೆಯುತ್ತದೆ, ಒಳಗಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಬೆಳೆದು ಬಿಡುವ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ನನ್ನ "ಚೆನ್ನಾಗಿ ಕುದಿಸಿದೆ" ಕೆಲಸಕ್ಕೆ ಬಾರದೇ ಹೋದದ್ದು ಅದಕ್ಕೇ ಇರಬೇಕು.

ಹಾಗಾದರೆ ಹಸಿಯಾಗಿ, ಲಿಂಬೆ ಹಿಂಡಿ? ನನ್ನ ಮಾತು ಕೇಳುವುದಾದರೆ ಬೇಡವೇ ಬೇಡ. ಲಿಂಬೆರಸಕ್ಕಾಗಲಿ, ಖಾರದ ಸಾಸ್‌ಗಾಗಲಿ ಆ ಕ್ರಿಮಿಗಳನ್ನು ಕೊಲ್ಲುವ ಶಕ್ತಿ ಇಲ್ಲ. ಫ್ರೀಜರಿನಲ್ಲಿಟ್ಟರೂ ಎಲ್ಲ ಸಾಯುವುದಿಲ್ಲ. ಹಸಿ ತಿನ್ನುವ ದೇಶಗಳಲ್ಲಿ ಬೆಳೆಸುವ ನೀರನ್ನೇ ಪರೀಕ್ಷೆ ಮಾಡುವ ಪದ್ಧತಿ ಇದೆ. ಕಿತ್ತ ಮೇಲೆ ಶುದ್ಧನೀರಿನ ತೊಟ್ಟಿಯಲ್ಲಿಟ್ಟು ಹೊಟ್ಟೆ ಖಾಲಿ ಮಾಡಿಸುವುದೂ ಉಂಟು. ನಾವು ರಸ್ತೆ ಬದಿಯ ಬುಟ್ಟಿಯಿಂದ ತಂದದ್ದಕ್ಕೆ ಅದ್ಯಾವುದೂ ಆಗಿರುವುದಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಲಿವರ್ ತೊಂದರೆ ಇರುವವರು ಹಸಿ ಕಾಲ್ವದ ಹತ್ತಿರವೂ ಸುಳಿಯಬಾರದು. ನಮ್ಮ ಯಾವ ಮನೆಯಲ್ಲಿ ಇವರಲ್ಲಿ ಒಬ್ಬರಾದರೂ ಇಲ್ಲ ಹೇಳಿ?

ಈಗ ತರುವ ಮಾತು. ಮಳೆಗಾಲದಲ್ಲಿ ತರಲೇಬೇಡಿ, ಹೊಳೆ ಊರಿನ ಕೊಳೆಯನ್ನೆಲ್ಲ ಹೊತ್ತು ಅಳಿವೆಗೆ ಸುರಿಯುವ ಕಾಲ ಅದು. ಚಳಿಗಾಲದಲ್ಲಿ, ಊರಿಗೆ ಹೊರಡುವ ದಿನವೇ ಕೊಳ್ಳಿ. ಬೆಳಿಗ್ಗೆ ಕಿತ್ತದ್ದೋ ನಿನ್ನೆಯದೋ ಕೇಳಿ, ಆ ಹೆಂಗಸರು ಸುಳ್ಳು ಹೇಳಿದ್ದನ್ನು ನಾನು ಕಾಣೆ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು, ಒಳಗೆ ನೀರಿದ್ದರೆ ಮಾತ್ರ ಭಾರ. ಸಡಿಲ ಬಾಯಿಯದನ್ನು ಬೆರಳಿನಿಂದ ತಟ್ಟಿ. ತಟ್ಟನೆ ಮುಚ್ಚಿಕೊಂಡರೆ ಜೀವ ಇದೆ, ಮುಚ್ಚದಿದ್ದರೆ ಅಲ್ಲೇ ಬಿಡಿ. ಥರ್ಮಾಕೋಲ್ ಡಬ್ಬಿಯಲ್ಲಿ ಕೆಳಗೆ ಬರ್ಫ, ಅದರ ಮೇಲೆ ಒದ್ದೆ ಗೋಣಿತಾಟು, ಅದರ ಮೇಲೆ ಕಾಲ್ವ, ಮತ್ತೆ ಒದ್ದೆ ಬಟ್ಟೆ. ಬರ್ಫ ಕರಗಿದ ನೀರಿನಲ್ಲಿ ಅವು ಮುಳುಗಬಾರದು. ಸಿಹಿನೀರು ಅವಕ್ಕೆ ಆಗಿಬರುವುದಿಲ್ಲ, ಅದಕ್ಕೇ ಡಬ್ಬಿಯ ತಳಕ್ಕೆ ಒಂದು ತೂತು. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಉಸಿರು ಕಟ್ಟಿ ಸಾಯುತ್ತವೆ, ನಾನು ಮಾಡಿದ್ದು ಅದನ್ನೇ. ಮನೆಗೆ ಬಂದ ಕೂಡಲೇ ಅಗಲ ಪಾತ್ರೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳಗಿನ ಹಲಗೆಗೆ. ಬಕೆಟ್ ನೀರಿನಲ್ಲಿ ನೆನೆಹಾಕುವವರಿದ್ದಾರೆ, ಬೇಡ. ಮರುದಿನವೇ ಅಡುಗೆ ಮಾಡಿ ಮುಗಿಸಿ.

ಮುಂಡರಗಿ ಕಡೆಯ ಗೆಳತಿಯರಿಗೆ ಒಂದು ಮಾತು. ತುಂಗಭದ್ರೆಯ ದಂಡೆಯಲ್ಲಿ ಸಿಗುವ ಸಿಂಪು ಇದಲ್ಲ. ಅದೂ ನೀರು ಸೋಸುವ ಜೀವಿಯೇ, ಆದರೆ ಜಾತಿ ಬೇರೆ, ಹೊಳೆಯಲ್ಲಿ ಹರಿದು ಬಂದದ್ದೆಲ್ಲ ಅದರೊಳಗೆ. ಕಾಲ್ವದ ಬದಲಿಗೆ ಅದನ್ನು ಒಲೆಗೆ ಹಾಕುವ ಪ್ರಯೋಗ ಬೇಡ.

ಒಡೆಯುವ ಕೆಲಸಕ್ಕೆ ಬರೋಣ. ಮೊದಲು ನಲ್ಲಿ ಕೆಳಗೆ ಹಿಡಿದು ಗಟ್ಟಿ ಬ್ರಷ್ಷಿನಿಂದ ಕೆಸರು ಹೋಗುವಂತೆ ತಿಕ್ಕಬೇಕು. ಬಾಯಿ ಬಿಟ್ಟದ್ದು, ಚಿಪ್ಪು ಒಡೆದದ್ದು ಎಲ್ಲ ಈಗಲೇ ಹೊರಗೆ. ಬಳಚನ್ನು ಕುಮಟಾದವರು ಮೆಟ್ಟುಗತ್ತಿಯಲ್ಲಿ, ಅಂದರೆ ನಮ್ಮ ಈಳಗಿಯಲ್ಲಿ, ಚಕಚಕ ಸೀಳುತ್ತಾರೆ. ಕಾಲ್ವಕ್ಕೆ ಅದು ನಡೆಯುವುದಿಲ್ಲ. ಗಿಡ್ಡ, ದಪ್ಪ, ಮೊಂಡು ಚಾಕು ಬೇಕು. ಕಾಯಿಪಲ್ಲೆ ಹೆಚ್ಚುವ ಚೂಪು ಚಾಕು ಹಿಡಿದರೆ ಅದು ಜಾರುವುದು ನಿಮ್ಮ ಅಂಗೈಗೇ. ಎಡಗೈಗೆ ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಸುತ್ತಿಕೊಳ್ಳಿ. ಕಾಲ್ವದ ಒಂದು ಮಗ್ಗುಲು ಬಟ್ಟಲಿನಂತೆ ತಗ್ಗು, ಇನ್ನೊಂದು ಚಪ್ಪಟೆ. ಬಟ್ಟಲು ಕೆಳಗಿರಲಿ, ಒಳಗಿನ ರಸ ಚೆಲ್ಲುವುದಿಲ್ಲ. ಚೂಪಾದ ತುದಿಯಲ್ಲಿ ಎರಡು ಚಿಪ್ಪು ಕೂಡುವ ಕೀಲಿದೆಯಲ್ಲ, ಅಲ್ಲಿಗೆ ಚಾಕುವಿನ ಮೊನೆ ಇಟ್ಟು ಮೆಲ್ಲಗೆ ಒತ್ತಿ, ಬೀಗದಲ್ಲಿ ಕೀಲಿಕೈ ತಿರುವಿದಂತೆ ತಿರುವಿ. ಟಕ್ ಅನ್ನುತ್ತದೆ. ಬಲ ಬೇಡ, ತಾಳ್ಮೆ ಬೇಕು. ಆಮೇಲೆ ಮೇಲಿನ ಚಿಪ್ಪಿಗೆ ತಾಗಿಸಿಕೊಂಡೇ ಚಾಕು ಆಡಿಸಿದರೆ ಹಿಡಿದಿಟ್ಟ ಸ್ನಾಯು ತುಂಡಾಗಿ ಮುಚ್ಚಳ ಬರುತ್ತದೆ. ಅಡಿಯಲ್ಲೂ ಹಾಗೆಯೇ ಬಿಡಿಸಿ. ಒಳಗಿನ ಮಾಂಸ ತುಂಬಿಕೊಂಡು, ಒದ್ದೆಯಾಗಿ, ಕೆನೆ ಬಣ್ಣದ್ದಾಗಿ, ಸಮುದ್ರದ ವಾಸನೆಯದಾಗಿರಬೇಕು. ಒಣಗಿ ಮುದುಡಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಿಸಾಡಿ.

ಇಷ್ಟೆಲ್ಲ ಹೇಳಿದೆ, ಆದರೆ ನಾನು ಮಾತ್ರ ಹಾಗೆ ಒಡೆಯುವುದೇ ಇಲ್ಲ! ನನ್ನದು ಅಕ್ಕನ ಹಾದಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಬಿಟ್ಟು ಕಾಲ್ವಗಳನ್ನು ಒಂದೇ ಪದರಾಗಿ ಹರಡಿ ಮುಚ್ಚಳ ಹಾಕುವುದು. ಸ್ವಲ್ಪ ಹೊತ್ತಿಗೆ ಒಂದೊಂದೇ ಬಾಯಿ ತೆರೆಯುತ್ತವೆ. ತೆರೆಯಿತೆಂದು ಕೂಡಲೇ ಇಳಿಸಬೇಡಿ, ಗಡಿಯಾರ ನೋಡಿ ಇನ್ನೂ ಐದಾರು ನಿಮಿಷ ಉಗಿಯಲ್ಲಿರಲಿ. ಅಷ್ಟಾದರೂ ತೆರೆಯದೆ ಉಳಿದದ್ದನ್ನು ಚಾಕು ಹಾಕಿ ಎಬ್ಬಿಸುವ ಹಟ ಬೇಡ, ಅದೂ ಕಸಕ್ಕೆ. ನೆನಪಿಡಿ: ಬೇಯಿಸುವ ಮೊದಲು ಬಾಯಿ ಬಿಟ್ಟದ್ದು ಬೇಡ, ಬೇಯಿಸಿದ ಮೇಲೆ ಬಾಯಿ ಬಿಡದ್ದು ಬೇಡ.

ಮೂವತ್ತು ಕಾಲ್ವದಿಂದ ಸಿಗುವ ಮಾಂಸ ಎರಡು ಬೊಗಸೆಯೂ ಆಗುವುದಿಲ್ಲ, ಎಲ್ಲ ಚಿಪ್ಪಿನದೇ ಭಾರ. ಅದಕ್ಕೇ ನಾನು ಸುಕ್ಕಾ ಮಾಡುತ್ತೇನೆ, ನಾಲ್ಕು ಜನಕ್ಕೆ ಸಾಲುತ್ತದೆ. ಬ್ಯಾಡಗಿ ಮೆಣಸಿನಕಾಯಿ ಆರೇಳು, ಹವೀಜ ಒಂದು ದೊಡ್ಡ ಚಮಚ, ನಾಲ್ಕು ಕಾಳುಮೆಣಸು, ಇವನ್ನು ಹನಿ ಎಣ್ಣೆಯಲ್ಲಿ ಹುರಿಯಬೇಕು. ಅರ್ಧ ತೆಂಗಿನಕಾಯಿ ತುರಿ, ನಾಲ್ಕು ಎಸಳು ಬಳ್ಳೊಳ್ಳಿ, ಚಿಟಿಕೆ ಅರಿಷಿಣದ ಜೊತೆ ತರಿತರಿಯಾಗಿ ರುಬ್ಬಿ, ನೀರು ಹಿಡಿತದಲ್ಲಿರಲಿ. ಎರಡು ಉಳ್ಳಾಗಡ್ಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ ಮಸಾಲೆ ಹಾಕಿ. ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಅಂದರೆ ತಲೆಗೆ ಹಚ್ಚೋದು ಅಂತ ಅತ್ತೆಯವರು ನಕ್ಕಿದ್ದರು. ಶೇಂಗಾ ಎಣ್ಣೆಯಲ್ಲೂ ಆಗುತ್ತದೆ, ರುಚಿ ಬೇರೆ, ಅಷ್ಟೆ. ಹಸಿ ವಾಸನೆ ಹೋದ ಮೇಲೆ ಕಾಲ್ವದ ಮಾಂಸ, ನಾಲ್ಕು ಮುರುಗಲು ಸಿಪ್ಪೆ. ಮುರುಗಲು ಸಿಗದಿದ್ದರೆ ಹುಣಸೆಹಣ್ಣಿನ ರಸ. ಮುಚ್ಚಿ ಐದಾರು ನಿಮಿಷ ಬೇಯಿಸಿ. ಅದಕ್ಕಿಂತ ಬಹಳ ಬೆಂದರೆ ರಬ್ಬರ್. ಉಪ್ಪನ್ನು ಮಾತ್ರ ಕೊನೆಗೆ, ರುಚಿ ನೋಡಿ ಹಾಕಿ, ಸಮುದ್ರವೇ ಅರ್ಧ ಹಾಕಿ ಕಳಿಸಿರುತ್ತದೆ. ಕುಮಟಾದಲ್ಲಿ ಇದಕ್ಕೆ ಕುಚ್ಚಲಕ್ಕಿ ಅನ್ನ. ಬಿಸಿ ಜೋಳದ ರೊಟ್ಟಿಯ ಜೊತೆ ಒಮ್ಮೆ ತಿಂದು ನೋಡಿ, ಗದಗಿನವರೇ ಕಂಡುಹಿಡಿದದ್ದು ಅನ್ನಬೇಕು ಹಾಗಿರುತ್ತದೆ. ಮಕ್ಕಳಿಗಾದರೆ ಬೆಂದ ಮಾಂಸಕ್ಕೆ ಖಾರದಪುಡಿ, ಅರಿಷಿಣ ಸವರಿ ರವೆಯಲ್ಲಿ ಹೊರಳಿಸಿ ಕರಿಯಿರಿ, ಪ್ಲೇಟು ಮೇಜಿಗೆ ಬರುವ ಮೊದಲೇ ಖಾಲಿ.

ತಿಂದರೆ ಲಾಭವೂ ಇದೆ. ಸತು, ಕಬ್ಬಿಣ, ಬಿ12 ಜೀವಸತ್ವ ಇದರಲ್ಲಿ ಹೇರಳ. ರಕ್ತಹೀನತೆಯಿಂದ ಸುಸ್ತಾಗುವ ನಮ್ಮಂಥ ಹೆಂಗಸರಿಗೆ ಒಳ್ಳೆಯದೇ. ಆದರೆ ಮೊದಲ ಸಲ ತಿನ್ನುವವರು ಎರಡು ತುಂಡು ತಿಂದು ನೋಡಿ. ಕೆಲವರಿಗೆ ಚಿಪ್ಪುಜೀವಿಗಳ ಅಲರ್ಜಿ ಇರುತ್ತದೆ. ತುಟಿ ಊದಿಕೊಂಡರೆ, ಮೈ ತುಂಬ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಮಜ್ಜಿಗೆ, ಲಿಂಬು ಶರಬತ್ತು ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ. ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತ ಹೊರಡಿ, ಡಾಕ್ಟರಿಗೆ ಚಿಪ್ಪು ತಿಂದದ್ದನ್ನು ಮುಚ್ಚಿಡದೆ ಹೇಳಿ. ಮರ್ಯಾದೆಗೆ ಅಂಜಿ ನಾನು ಮೊದಲು "ಹೊರಗ ಏನೋ ತಿಂದಾನ್ರಿ" ಅಂದಿದ್ದೆ.

ಅಂದಹಾಗೆ, ಇದನ್ನು ಕಿತ್ತೇ ತರಬೇಕೆಂದಿಲ್ಲ, ಬೆಳೆಸಲೂಬಹುದು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದಕ್ಕೆ ಹಾದಿ ಹಾಕಿಕೊಟ್ಟಿದೆ. ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಬೆಳೆಸುತ್ತಾರೆ. ಕಾಸರಗೋಡು ಜಿಲ್ಲೆಯ ಪಡನ್ನದ ಕಡೆ ನಮ್ಮ ಸ್ತ್ರೀಶಕ್ತಿ ಸಂಘಗಳಂಥ ಮಹಿಳಾ ಗುಂಪುಗಳೇ ನೀಲಿಕಲ್ಲು ಬೆಳೆದು ಮಾರಿ ದುಡಿದಿವೆ. ನಮ್ಮ ಅಕ್ಕನಂಥವರ ಅಂಗೈಗೂ ಅಂಥದ್ದೊಂದು ದಾರಿ ಸಿಗಲಿ ಅನ್ನಿಸುತ್ತದೆ.

ಹೋದ ವರ್ಷ ಮತ್ತೆ ತಂದೆ, ಆರು ವರ್ಷ ಮುಟ್ಟದೆ ಇದ್ದವಳು. ನಲವತ್ತು ತಂದಿದ್ದೆ, ಬರ್ಫದ ಡಬ್ಬಿಯಲ್ಲಿ. ತೊಳೆಯುವಾಗ ಐದು, ಬೆಂದ ಮೇಲೆ ಎರಡು, ಒಟ್ಟು ಏಳು ಕಸದ ಬುಟ್ಟಿಗೆ ಹೋದವು. ನಾದಿನಿಯ ಮನೆಗೂ ಹೇಳಿ ಕಳಿಸಿದ್ದೆ, ಬರುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಬಂದಳು. ಹುಡುಗ ಈಗ ನನಗಿಂತ ಎತ್ತರ. ಅಡುಗೆಮನೆಗೆ ಬಂದು ಕಸದ ಬುಟ್ಟಿ ಬಗ್ಗಿ ನೋಡಿ, "ಮಾಮಿ, ಇಷ್ಟ ಚೆಲ್ಲೀರಿ?" ಅಂದ. ನಾದಿನಿ ರೊಟ್ಟಿಯ ಗಂಗಾಳ ಎಳೆದುಕೊಂಡು ಕೂತಳು.

ತಿಂದಾದ ಮೇಲೆ ಚಿಪ್ಪುಗಳನ್ನು ಗಟಾರಕ್ಕೆ ಹಾಕಬೇಡಿ. ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಪುಡಿ ಮಾಡಿ ಇಟ್ಟುಕೊಳ್ಳಿ. ನಮ್ಮ ಕರಿಮಣ್ಣಿನ ಹಿತ್ತಲಿಗೆ ಸುಣ್ಣ ಮೊದಲೇ ಸಾಕಷ್ಟಿದೆ. ಕೆಮ್ಮಣ್ಣು ತುಂಬಿದ ಕುಂಡಗಳಿದ್ದರೆ ಮಣ್ಣಿಗೆ ಒಂದು ಹಿಡಿ ಬೆರೆಸಿ.